ಗುಡಿಸದ ಅಂಗಳ

ಅರಿಶಿನದ ಪಾತಿಯ ಒದ್ದೆ ಮಣ್ಣಿನಲ್ಲಿ ಆ ಹೆಜ್ಜೆಯನ್ನು ಮೊದಲು ಕಂಡವನು ನಾನೇ. ನಾಲ್ಕು ಬೆರಳು, ಮುಂದೆ ಉಗುರಿನ ಗೀರು. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆಂದು ಎಲ್ಲೋ ಕೇಳಿದ್ದೆ. ಹಾಗಾಗಿ ನಾಯಿ ಎಂದು ಅತ್ತಿಗೆಗೆ ಹೇಳಿದೆ. ಅವರು ನಂಬಿದರು.

ನಂಬಿದ್ದರಿಂದಲೇ ಅವರು ದಿನಾ ಮುಂಜಾನೆ ಹಾಲು ಕರೆದು, ಬೆಳಕು ಸರಿಯಾಗಿ ಹರಿಯುವ ಮೊದಲೇ ಕ್ಯಾನ್ ಹಿಡಿದು ಓಣಿಯಲ್ಲಿ ಒಬ್ಬರೇ ಡೇರಿಗೆ ಹೋಗುತ್ತಿದ್ದರು. ರಾಮಾಪುರದ ಆಚೆ, ಕಾಡಂಚಿನ ನಮ್ಮ ತೋಟದಿಂದ ಡೇರಿಗೆ ಕಾಲು ಗಂಟೆಯ ದಾರಿ.

ವಾರದ ನಂತರ ಅರಣ್ಯ ಇಲಾಖೆಯ ವಾಚರ್ ಒಬ್ಬ ಬಸ್ ಸ್ಟಾಪಿನಲ್ಲಿ ಸಿಕ್ಕ. ವಿಷಯ ಹೇಳಿದೆ. ಅವನು, "ಕೆಸರಲ್ಲಿ ಜಾರ್ದಾಗ ಚಿರತೆನೂ ಉಗುರು ಊರ್ತದೆ ಸಾ. ಒಣ ದೂಳಲ್ಲಿ ನೋಡಿ" ಅಂದ.

ಒಣ ಧೂಳು ಇದ್ದದ್ದು ನಮ್ಮ ಅಂಗಳದಲ್ಲಿ. ಆದರೆ ಅತ್ತಿಗೆ ಎದ್ದ ಕೂಡಲೇ ಅದನ್ನು ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿದ್ದರು. ರಾತ್ರಿ ಏನು ಬಂದು ಹೋಗಿದ್ದರೂ ನಾನು ಏಳುವ ಹೊತ್ತಿಗೆ ಅಳಿಸಿರುತ್ತಿತ್ತು. ಒಂದು ದಿನ ಬಿಡಿ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಸಾವಾದ ಮನೆಯಲ್ಲಿ ಮಾತ್ರ ಅಂಗಳ ಹಾಗೆ ಬಿಡುವುದು.

"ನಿಮ್ಮಣ್ಣ ತೀರೋದಾಗ ಬುಟ್ಟಿದ್ದೇ ಸಾಕು ಕಣಪ್ಪ," ಅಂದರು.

ಎರಡು ದಿನ ಮತ್ತೆ ಮತ್ತೆ ಕೇಳಿದ ಮೇಲೆ, ನನ್ನ ಕಾಟ ತಾಳಲಾರದೆ ಬಿಟ್ಟರು.

ಆ ಬೆಳಿಗ್ಗೆ ನಾನು ಎದ್ದಾಗ ಅವರು ಆಗಲೇ ಡೇರಿಗೆ ಹೊರಟು ಹೋಗಿದ್ದರು. ಕೊಟ್ಟಿಗೆಯ ಪಕ್ಕದಿಂದ ಬಾಗಿಲ ತನಕ ಹೆಜ್ಜೆಗಳು ಸಾಲಾಗಿದ್ದವು. ದುಂಡಗೆ, ನನ್ನ ಅಂಗೈಯಷ್ಟು ಅಗಲ. ಉಗುರಿನ ಗುರುತು ಒಂದರಲ್ಲೂ ಇರಲಿಲ್ಲ. ಅವು ಗೇಟು ದಾಟಿ ಓಣಿಗೆ ಇಳಿದಿದ್ದವು. ಓಣಿಯ ಧೂಳಿನಲ್ಲಿ ಅತ್ತಿಗೆಯ ಚಪ್ಪಲಿಯ ಗುರುತುಗಳಿದ್ದವು. ಮೂರು ಕಡೆ ಆ ದುಂಡು ಹೆಜ್ಜೆ ಚಪ್ಪಲಿಯ ಗುರುತಿನ ಮೇಲೆ ಬಿದ್ದಿತ್ತು. ಕೆಳಗಲ್ಲ, ಮೇಲೆ. ನಾನು ಕುಕ್ಕರಗಾಲಲ್ಲಿ ಕುಳಿತು ಮೂರನ್ನೂ ಎರಡೆರಡು ಸಲ ನೋಡಿದೆ. ಲಂಟಾನದ ಪೊದೆಯ ಹತ್ತಿರ ಅದು ಓಣಿ ಬಿಟ್ಟಿತ್ತು. ಚಪ್ಪಲಿಯ ಗುರುತು ಮುಂದೆ ಹೋಗಿತ್ತು. ಅದನ್ನು ಕಂಡ ಮೇಲೇ ಗೇಟಿಗೆ ಮರಳಿದೆ.

ಹಾಲಿಗೆ ಬಂದ ಪಕ್ಕದ ತೋಟದವನು ನಮ್ಮ ಅಂಗಳ ನೋಡಿ ಗೇಟಿನಲ್ಲೇ ನಿಂತ. ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ: "ಯಾರ್ ತೀರೋದ್ರು ಸಾ?"

ನಾನು ಓಣಿಯ ತಿರುವನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತೋ ತಿಳಿಯದು, ಖಾಲಿ ಕ್ಯಾನ್ ಹಿಡಿದು ಅತ್ತಿಗೆ ಬಂದರು. ನಾನು ನೆಲ ತೋರಿಸಿದೆ. ಅವರು ಬಗ್ಗಿ ತಮ್ಮ ಚಪ್ಪಲಿಯ ಗುರುತನ್ನೂ ಅದರ ಮೇಲಿನದ್ದನ್ನೂ ನೋಡಿದರು.

"ನಾಯಿ ಅಂದಿದ್ಯಲ್ಲಪ್ಪ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಇನ್ನು ಮೇಲೆ ಬೆಳಕು ಹರಿದ ಮೇಲೆ ನಾನೇ ಡೇರಿಗೆ ಹೋಗುತ್ತೇನೆ ಎಂದೆ. ಅತ್ತಿಗೆ ಕ್ಯಾನನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದರು.