ಕೈ ತಾಳುವ ಹೊತ್ತು

ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರಗಳಿಗೆ ಚಿಪ್ ಮಾಡುವ ಶೆಂಜೆನ್‌ನ ಕಂಪನಿಯೊಂದರಲ್ಲಿ ಕ್ವಾಂಗ್ ಮೇಷ್ಟ್ರು ಹಳೆಯ ಪರೀಕ್ಷಕರು. ಚಿಪ್ಪಿನ ವೇಗ ಎಷ್ಟೆಂದು ಯಾರಾದರೂ ಕೇಳಿದರೆ, "ಎಷ್ಟು ನಿಮಿಷಕ್ಕೆ? ಮೊದಲ ಮೂರು ನಿಮಿಷ ಎಲ್ಲಾ ಚಿಪ್ಪೂ ಹುಲೀನೇ, ಕಾದ ಮೇಲೆ ತಾನೇ ಕುಂಟೋದು" ಎನ್ನುತ್ತಾರೆ, ಅಂಗಡಿಯವನು ಚಹಾ ಬಿಸಿಯಿದೆ ಎಂದರೂ ಅದೇ ಪ್ರಶ್ನೆ. ಉಷ್ಣಮಾಪಕವನ್ನು ಅವರು ನಂಬುವುದಿಲ್ಲ. ಹೊಸ ಚಿಪ್ ಬಂದಾಗಲೆಲ್ಲ ಅದನ್ನು ಹಾಕಿದ ಆಟದ ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ಕೂರುತ್ತಾರೆ, ಬಿಸಿಗೆ ಕೈ ಬಿಟ್ಟ ಮೇಲೆ ವಿವರಪಟ್ಟಿಯ ಕೊನೆಗೆ ಬರೆಯುತ್ತಾರೆ: ಕೈ ತಾಳುವುದು ಇಪ್ಪತ್ತಾರು ನಿಮಿಷ. ಮಾರಾಟದ ಮುಖ್ಯಸ್ಥೆ ಫಾಂಗ್ ಯಿಲಾನ್ ಆ ಸಾಲನ್ನು ಹೊಡೆದುಹಾಕುತ್ತಾಳೆ. "ಮೇಷ್ಟ್ರೇ, ಚಿಪ್ ನಮ್ದು. ಕೈ ಗಿರಾಕೀದು, ಅದರ ಚಿಂತೆ ನಿಮಗ್ಯಾಕೆ?" ಎದುರಿಗೆ ಫ್ಯಾನ್ ಇಟ್ಟು ಅಳೆದ ವೇಗ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ, ಕೆಳಗಿನ ಸಹಿ ಮಾತ್ರ ಮೇಷ್ಟ್ರದೇ. ಹನ್ನೊಂದು ವರ್ಷದಲ್ಲಿ ನಲವತ್ತು ಚಿಪ್ಪುಗಳು ಬಂದವು, ಆ ಸಾಲು ಒಮ್ಮೆಯೂ ಅಚ್ಚಾಗಲಿಲ್ಲ. ಬೆಳಿಗ್ಗೆ ಗೇಟಿನ ಹಾಜರಿ ಯಂತ್ರಕ್ಕೆ ಅವರು ಹೆಬ್ಬೆರಳು ಒತ್ತುತ್ತಾರೆ, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. "ಬಿಡಿ ಮೇಷ್ಟ್ರೇ, ಬಿಸಿಗೆ ಬೆರಳ ಗೆರೆಯೆಲ್ಲ ಸವೆದುಹೋಗಿದೆ. ನೀವ್ಯಾರು ಅಂತ ಅದಕ್ಕೆ ಗೊತ್ತಾಗಲ್ಲ" ಎನ್ನುತ್ತ ಕಾವಲುಗಾರ ಹಾಜರಿ ಪುಸ್ತಕ ಚಾಚುತ್ತಾನೆ. ಅಲ್ಲಿಯೂ ಸಹಿ ಹಾಕಿ ಅವರು ಒಳಗೆ ಹೋಗುತ್ತಾರೆ.