ಮುಂದೆ ಹೊಸದು, ಹಿಂದೆ ಬೋಳು

ಟ್ಯೂನೆಗೆ ಸಿಟ್ಟು ಬರುವುದು ಅಪರೂಪ. ಮೊದಲು ಹಾಲಿನ ಲಾರಿ ಓಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕೂಸಮೊ ಪಟ್ಟಣದ ಆಚೆ, ಕೆರೆಗಳ ನಡುವೆ ಚದುರಿಬಿದ್ದ ಮನೆಗಳ ಮಕ್ಕಳನ್ನು ಶಾಲೆಗೆ ಬಿಡುವ ಟ್ಯಾಕ್ಸಿ ಓಡಿಸತೊಡಗಿದಳು. ಹಿಮಸಾರಂಗ ರಸ್ತೆಗೆ ಅಡ್ಡ ನಿಂತರೂ ಹಾರ್ನ್ ಹೊಡೆಯದೆ ಕಾಯುವವಳು. ಅಂಥವಳು ಆ ನವೆಂಬರಿನಲ್ಲಿ ಕೆಂಡವಾದಳು. ಆದದ್ದೇ ಸರಿ.

ಟ್ಯಾಕ್ಸಿಯ ಯಜಮಾನ ಉರ್ಪೊ ಚಳಿಗಾಲಕ್ಕೆಂದು, ಮಂಜುಗಡ್ಡೆ ಕಚ್ಚಿ ಹಿಡಿಯುವಂತೆ ಮೊಳೆ ಕೂರಿಸಿದ ಟಯರು ಎರಡೇ ತಂದು, ಎರಡನ್ನೂ ಮುಂದೆ ಹಾಕಿಸಿದ್ದ. ಹಿಂದಿನವು ಮೊಳೆ ಉದುರಿ ಬೋಳಾದ ಹಳೆಯವು. ನಮ್ಮೂರ ಗಂಡಸರ ಹಳೇ ಹುಚ್ಚು ಇದು: ಗಾಡಿ ಎಳೆಯುವುದು ಮುಂದಿನ ಚಕ್ರ, ಆದ್ದರಿಂದ ಒಳ್ಳೆಯದು ಮುಂದಕ್ಕೆ. ದಿಬ್ಬವೇನೋ ಏರುತ್ತದೆ. ಇಳಿಜಾರಿನ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಗಿರ್ರನೆ ತಿರುಗಿದರೆ ಒಳಗೆ ಕೂತ ಮಕ್ಕಳ ಗತಿ ಏನೆಂದು ಯಾರೂ ಕೇಳುವುದಿಲ್ಲ.

ಟ್ಯೂನೆ ಕೇಳಿದಳು. “ನಾಲ್ಕೂ ಹೊಸದು ಹಾಕ್ಸು ಉರ್ಪೊ. ಇವತ್ತು ಸೇತುವೆ ಹತ್ರ ಗಾಡಿ ಹಿಂಭಾಗ ಜಾರ್ತು.”

“ಮೆಲ್ಲಗೆ ಓಡ್ಸು. ಇದೇನು ನಿನ್ನ ಹಾಲಿನ ಲಾರಿನಾ? ಆಗುತ್ತೆ ಬಿಡು.”

ಆಗುತ್ತೆ ಬಿಡು. ಕೆರೆಯ ಮಂಜುಗಡ್ಡೆ ತೆಳುವಾದರೂ, ಎದೆನೋವು ಬಂದರೂ ಈ ಊರಿಗೆ ಇದೊಂದೇ ಮಂತ್ರ. ನಮ್ಮ ಸ್ಮಶಾನ ಅರ್ಧ ತುಂಬಿದ್ದೇ ಈ ಮಾತಿನಿಂದ.

ಮರುದಿನ ಬೆಳಿಗ್ಗೆ, ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ರಸ್ತೆ ಗಾಜಾಗಿತ್ತು. ಯಜಮಾನನ ಅಂಗಳದಿಂದ ಟ್ಯಾಕ್ಸಿ ತೆಗೆಯಲು ಹೋದ ಟ್ಯೂನೆಗೆ ಕಂಡದ್ದು, ಮೊಮ್ಮಗಳು ಹೆಲ್ಕಾಳನ್ನು ತನ್ನ ಸ್ವಂತ ಕಾರಿಗೆ ಹತ್ತಿಸುತ್ತಿದ್ದ ಉರ್ಪೊ. ದಿನವೂ ಟ್ಯಾಕ್ಸಿಯಲ್ಲೇ ಹೋಗುವ ಹುಡುಗಿ ಅವಳು. ಆ ಕಾರಿಗೋ ನಾಲ್ಕೂ ಹೊಸ ಮೊಳೆ ಟಯರು.

“ಇವತ್ತು ಇವಳನ್ನ ನಾನೇ ಬಿಡ್ತೀನಿ,” ಎಂದ, ಮುಖ ನೋಡದೆ. “ತುಂಬಾ ಜಾರುತ್ತಲ್ಲ.”

ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಟ್ಯೂನೆಗೆ ಮೈಯೆಲ್ಲ ಉರಿದುಹೋಯಿತು.

“ನಿನ್ನ ಮೊಮ್ಮಗಳಿಗೆ ಜಾರುತ್ತೆ, ಬೇರೆಯವರ ಮಕ್ಕಳಿಗಾದ್ರೆ ಆಗುತ್ತೆ ಬಿಡು, ಅಲ್ವಾ?”

ಅವನ ಎದುರೇ ಫೋನ್ ತೆಗೆದು ಒಂದೊಂದೇ ಮನೆಗೆ ಹೇಳಿದಳು: “ಟ್ಯಾಕ್ಸಿ ಬರಲ್ಲ. ಉರ್ಪೊ ತನ್ನ ಕಾರಲ್ಲೇ ಬರ್ತಾನೆ. ಮಕ್ಕಳನ್ನ ರೆಡಿ ಮಾಡಿ.”

“ಯಾರನ್ನ ಕೇಳಿ ಹೇಳ್ದೆ?”

“ನಿನ್ನನ್ನೇ ಕೇಳಿದ್ನಲ್ಲ, ನಿನ್ನೆ.”

ಹೆಲ್ಕಾ ಒತ್ತರಿಸಿ ಕೂತು ಜಾಗ ಮಾಡಿದಳು. ಉರ್ಪೊ ಗೊಣಗುತ್ತಲೇ ಎಲ್ಲರ ಮನೆಗೂ ಹೋದ. ಆ ವಾರವೇ ಟ್ಯಾಕ್ಸಿಗೆ ನಾಲ್ಕೂ ಹೊಸ ಟಯರು ಬಂದವು.

ಆಮೇಲೆ ಅಂಗಡಿಯ ಕಾಫಿ ಮೇಜಿನಲ್ಲಿ ಅವನದೇ ಭಾಷಣ: “ಮಕ್ಕಳ ವಿಷಯದಲ್ಲಿ ನಾನು ಯಾವತ್ತೂ ರಿಸ್ಕ್ ತಗೊಳ್ಳಲ್ಲ.” ಕೂತವರೆಲ್ಲ ತಲೆಯಾಡಿಸಿದರು. ಎಂಥ ಜವಾಬ್ದಾರಿಯ ಮನುಷ್ಯ.

ಟ್ಯೂನೆ ಎದ್ದು ಕೋಟು ಹಾಕಿಕೊಂಡಳು.

“ಹೌದು, ತಗೊಳ್ಳಲ್ಲ,” ಎಂದಳು. “ಮಗು ನಿನ್ನದಾದ್ರೆ.”