ಬೆನ್ನ ಮೇಲೆ ಕೇಳಿದ ಹಾಡು

ಮೊಮ್ಮಗಳಿಗೆ ನನ್ನ ಮೇಲೆ ಜೀವ ಎಂದು ನರೋಣಾದ ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ತೊಗರಿ ಒಡೆಯಲು ನಾನು ಬೀಸುಕಲ್ಲಿನ ಮುಂದೆ ಕೂತು ಹಾಡುವುದು ಕಂಡರೆ ಸಾಕು, ಓಡಿಬಂದು ಬೆನ್ನು ಹತ್ತಿ, ಕೊರಳಿಗೆ ಕೈ ಹಾಕಿ, ತನ್ನ ಗದ್ದವನ್ನು ನನ್ನ ನೆತ್ತಿಗೆ ಒತ್ತಿಕೊಂಡು ಕೂಡುತ್ತಿದ್ದಳು. ಹಾಡು ನಿಂತರೆ ಗದ್ದದಿಂದಲೇ ಗುದ್ದುತ್ತಿದ್ದಳು.

ನಾಲ್ಕು ವರ್ಷ ತುಂಬಿದರೂ ಅವಳ ಬಾಯಲ್ಲಿ ಐದಾರು ಮಾತು, ಅವೂ ಅರೆಬರೆ. ಸೊಸೆಗೆ ಮೊದಲಿನಿಂದಲೂ ಅನುಮಾನ.

"ಅತ್ತಿ, ಕೂಸಿಗೆ ಕಿವಿ ಕೇಳಂಗಿಲ್ಲ ಅನಸ್ತದ."

"ನಿನಗ ಹುಚ್ಚು ಹಿಡದದೇನಬೇ?"

ನಮ್ಮಲ್ಲಿ ಕೂಸಿನ ಕಿವಿ ನೋಡುವ ರೀತಿ ಒಂದೇ. ಹಿಂದೆ ನಿಂತು ಹಿತ್ತಾಳೆ ತಾಟನ್ನು ಸೌಟಿನಿಂದ ಬಡಿಯುವುದು. ಕೂಸು ತಿರುಗಿದರೆ ಕಿವಿ ಗಟ್ಟಿ. ನಾನು ಬಡಿದೆ, ಮೊಮ್ಮಗಳು ಬೆಚ್ಚಿ ತಿರುಗಿದಳು. ಆಮೇಲೆ ಒಂದು ವರ್ಷ ಸೊಸೆ ಬಾಯಿ ತೆರೆದಾಗಲೆಲ್ಲ ನಾನು ತಾಟು ತೆಗೆಯುತ್ತಿದ್ದೆ.

ಒಂದು ದಿನ ಬಾಲವಾಡಿಯ ಅಕ್ಕೋರು ಮನೆಗೆ ಬಂದರು. "ಹೆಸರು ಹಿಡಿದು ಕರೆದರ ಹೊಳ್ಳಿ ನೋಡಂಗಿಲ್ರಿ. ಹಿಂಗಾದ್ರ ನಾಳೆ ಸಾಲಿಯೊಳಗ ಹ್ಯಾಂಗ ಕಲೀತಾಳ?"

ಮರುದಿನ ನಾನು ತಾಟು, ಸೌಟು ಹಿಡಿದುಕೊಂಡೇ ಬಾಲವಾಡಿಗೆ ಹೋದೆ. ಬಡಿದೆ. ಎಲ್ಲ ಮಕ್ಕಳ ಜೊತೆ ನನ್ನವಳೂ ತಿರುಗಿದಳು.

"ನೋಡಿದ್ರಿಲ್ಲ?"

ಅಕ್ಕೋರು ಜಗಳ ಮಾಡಲಿಲ್ಲ. ಮಕ್ಕಳು ಮತ್ತೆ ಪಾಟಿಯ ಮೇಲೆ ಗೀಚುವುದರಲ್ಲಿ ಮುಳುಗಲೆಂದು ಕಾದರು. ಆಮೇಲೆ ನನ್ನ ಮೊಮ್ಮಗಳ ಬೆನ್ನ ಹಿಂದೆ ನಿಂತು ಮೆಲ್ಲಗೆ, "ಬೆಲ್ಲ ಯಾರಿಗಿ ಬೇಕು?" ಎಂದರು. ಅಷ್ಟೂ ಮಕ್ಕಳು ಎದ್ದು ಬಂದವು. ನನ್ನವಳು ಮಾತ್ರ ತಲೆ ತಗ್ಗಿಸಿ ಗೀಚುತ್ತಲೇ ಇದ್ದಳು. ಎತ್ತಿ ಹಿಡಿದಿದ್ದ ತಾಟು ನನ್ನ ಕೈಯಲ್ಲಿ ತಾನಾಗಿಯೇ ಕೆಳಗಿಳಿಯಿತು.

ಆ ವಾರವೇ ಸೊಸೆಯ ಜೊತೆ ಬಸ್ಸು ಹತ್ತಿ ಕಲಬುರಗಿಯ ದವಾಖಾನೆಗೆ ಹೋದೆವು. ಕಿವಿಯ ಡಾಕ್ಟರಮ್ಮನ ಕೈಯಲ್ಲಿ ಎರಡು ಕವಲಿನ ಉಕ್ಕಿನ ಕಡ್ಡಿ ಇತ್ತು. ಅದನ್ನು ತನ್ನ ಮೊಣಕೈಗೆ ಬಡಿದು, ತುದಿಯನ್ನು ನೀರಿನ ಲೋಟಕ್ಕೆ ತಾಗಿಸಿದಳು. ನೀರು ಸಿಡಿದು ನನ್ನ ಮುಖಕ್ಕೆ ಬಂತು. ಮೊಮ್ಮಗಳು ಕಿಲಕಿಲ ನಕ್ಕಳು.

"ಸಪ್ಪಳ ಅಂದ್ರ ಇಷ್ಟೇ ಆಯಿ, ನಡುಗೋದು. ಈ ನಡುಕ ಗಾಳಿಗಿ ಹತ್ತತದ, ಗಾಳಿಯಿಂದ ಕಿವಿಯೊಳಗಿನ ಪರದೆಗಿ ಹತ್ತತದ."

ಮತ್ತೆ ಕಡ್ಡಿ ಬಡಿದು ಮಗುವಿನ ಕಿವಿಯ ಹತ್ತಿರ ಹಿಡಿದಳು. ಮಗು ಲೋಟವನ್ನೇ ನೋಡುತ್ತಿತ್ತು. ಅದೇ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಊರಿದಳು. ಮಗುವಿನ ಕಣ್ಣುಗಳು ಅಗಲವಾದವು. ಡಾಕ್ಟರಮ್ಮನ ಕೈ ಹಿಡಿದು ಕಡ್ಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡಿತು.

"ನಾ ಹಾಡುವಾಗ ಹಿಂಗೇ ಮಾಡ್ತಾಳ್ರಿ," ಎಂದೆ. "ನೆತ್ತಿಗಿ ಗದ್ದ ಒತ್ತತಾಳ."

"ಮತ್ತೇನ್ರಿ? ನಿಮ್ಮ ಎಲುಬಿನಿಂದ ತನ್ನ ಎಲುಬಿಗಿ ಹಾಡು ತಗೊಳ್ಳಾಕತ್ತಾಳ."

ನಾನು ಅದನ್ನು ಮುದ್ದು ಎಂದುಕೊಂಡಿದ್ದೆ. ಕೂಸು ಅಷ್ಟು ದಿನ ನನ್ನ ಬೆನ್ನ ಮೇಲೆ ಕೂತು ಕೇಳಲು ಕಷ್ಟಪಡುತ್ತಿತ್ತು. ಸೊಸೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಪರದೆಯ ಹಿಂದೆ ಅಂಟಿನಂಥ ನೀರು ನಿಂತಿದೆ, ಅದಕ್ಕೇ ಗಾಳಿಯ ದಾರಿ ಮಂದವಾಗಿದೆ, ಒಳಗಿನ ನರ ಚೆನ್ನಾಗಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ಮತ್ತೆ ತಾಟಿಗೆ ಹೇಗೆ ತಿರುಗುತ್ತಿದ್ದಳು ಎಂದು ಕೇಳಿದೆ. ತಾಟಿನ ನಡುಕ ದೊಡ್ಡದು, ಮುಚ್ಚಿದ ಬಾಗಿಲನ್ನೂ ದಾಟುತ್ತದೆ. ಮಾತಿನ ನಡುಕ ಸಣ್ಣದು, ಅಲ್ಲೇ ಉಳಿಯುತ್ತದೆ.

"ಅಂದ್ರ ಹಸಿ ಹಲಗಿ ಇದ್ದಂಗ," ಎಂದೆ. ನಮ್ಮೂರಲ್ಲಿ ಹಲಗೆ ಬಡಿಯುವವರು ಮೊದಲು ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತಾರೆ. ತೇವವಿದ್ದರೆ ದನಿ ಏಳುವುದಿಲ್ಲ.

"ನಿಮಗ ಓದು ಎಷ್ಟಾಗ್ಯದ ಆಯಿ?"

"ಎರಡನೇ ಇಯತ್ತೆ."

"ಸಾಕು ಬಿಡ್ರಿ," ಎಂದು ನಕ್ಕಳು.

ಪರದೆಗೆ ಸಣ್ಣ ತೂತು ಮಾಡಿ ನೀರು ತೆಗೆದರು. ತಿರುಗಿ ಬರುವಾಗ ಮೊಮ್ಮಗಳು ಬಸ್ಸಿನ ಹಾರ್ನಿಗೆ ಹೆದರಿ ಅತ್ತಳು. ಅವಳು ಅತ್ತಷ್ಟೂ ಸೊಸೆ ನಗುತ್ತಿದ್ದಳು. ಮನೆಯಲ್ಲಿ ಮೊರದಿಂದ ತೊಗರಿ ಸುರಿದರೆ ಬಗ್ಗಿ ನೋಡುವಳು, ತನ್ನ ಬಳೆ ತಾನೇ ಅಲುಗಾಡಿಸಿಕೊಂಡು ಕೂಡುವಳು.

ಕೆಲವು ದಿನಗಳ ಮೇಲೆ ನಾನು ಬೀಸುಕಲ್ಲಿಗೆ ಕೂತು ಹಾಡು ಹಿಡಿದೆ. ಅವಳು ಬೆನ್ನು ಹತ್ತಲಿಲ್ಲ. ಬಾಗಿಲಲ್ಲಿ ನನಗೆ ಬೆನ್ನು ಮಾಡಿ ಕೂತು ತನ್ನ ಆಟ ಆಡುತ್ತಿದ್ದಳು. ನನ್ನ ಬೆನ್ನಿಗೆ ಏನೋ ಖಾಲಿ ಎನಿಸಿತು, ಸುಳ್ಳು ಹೇಳುವುದಿಲ್ಲ. ಹಾಡು ನಿಲ್ಲಿಸಿ, ಒಡೆದ ಬೇಳೆಗೂ ಕೇಳಬಾರದು ಅನ್ನುವಷ್ಟು ಮೆಲ್ಲಗೆ, "ಬೆಲ್ಲ ಯಾರಿಗಿ ಬೇಕು?" ಎಂದೆ.

"ನನಗ," ಎಂದಳು, ಹೊಳ್ಳಿ ಕೂಡ ನೋಡದೆ.

ಒಲೆಯ ಮುಂದಿದ್ದ ಸೊಸೆ ರೊಟ್ಟಿ ಬಡಿಯುವುದನ್ನು ಬಿಟ್ಟು ಕೂತಳು. "ಅತ್ತಿ, ತಾಟು ತರ್ಲೇನ್ರಿ?"

"ತಾ," ಎಂದೆ. "ಬೆಲ್ಲ ಅದರಾಗೇ ಕೊಡ್ತೇನಿ."